ಗ್ರೀಸಿನ ಹಳೆಯ ಊರುಗಳಲ್ಲಿ ಒಂದು ದಿನ

(ಶಾಲೆಯ ಸುವರ್ಣ ಮಹೋತ್ಸವದ ಎರಡನೆಯ ದಿನ, ಹಿರಿಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



ನಾನು ಈ ಶಾಲೆಯಲ್ಲಿ 1976ರಿಂದ 1979ರವರೆಗೆ ಓದಿದವನು. ಆಮೇಲೆ ಭೂಮಾಪನ ಇಲಾಖೆ ಸೇರಿ, ಮೋಜಣಿದಾರನಾಗಿ ಹೊಲಗದ್ದೆಗಳನ್ನು ಅಳೆಯುತ್ತಲೇ ಕೂದಲು ಬೆಳ್ಳಗೆ ಮಾಡಿಕೊಂಡು, ಹೋದ ವರ್ಷ ನಿವೃತ್ತನಾದೆ. ಗೋಷ್ಠಿಯಲ್ಲಿ ಏನಾದರೂ ಮಾತಾಡಿ ಎಂದಾಗ ಪೋಡಿ, ಪಹಣಿ, ಚಕ್ಕುಬಂದಿ ಬಿಟ್ಟರೆ ನನಗೇನು ಗೊತ್ತು ಅಂದೆ. ಗ್ರೀಸ್ ದೇಶಕ್ಕೆ ಹೋಗಿ ಬಂದಿದ್ದೀರಲ್ಲ, ಅದನ್ನೇ ಹೇಳಿ ಅಂದರು. ಹೋಗಿದ್ದು ನಿಜ. ಮಗಳು ಅಳಿಯ ಜರ್ಮನಿಯಲ್ಲಿದ್ದಾರೆ. ನಿವೃತ್ತಿಯ ಉಡುಗೊರೆ ಎಂದು ನನ್ನನ್ನೂ ನಮ್ಮ ಮನೆಯವರನ್ನೂ ಐದು ದಿನ ಅಥೆನ್ಸ್ ನಗರಕ್ಕೆ ಕಳಿಸಿದ್ದರು. ಆ ಐದು ದಿನಗಳಲ್ಲಿ ಒಂದು ದಿನದ ಕಥೆಯನ್ನು ಮಾತ್ರ ಹೇಳುತ್ತೇನೆ. ಅಂದು ಬೆಳಿಗ್ಗೆ ಎಂಟಕ್ಕೆ ಒಂದು ಬಸ್ಸು, ನಲವತ್ತು ಜನ ಪ್ರವಾಸಿಗರು, ಒಬ್ಬ ಗೈಡಮ್ಮ.

ಆ ಗೈಡಮ್ಮನ ವಿಷಯ ಮೊದಲು. ಐವತ್ತು ದಾಟಿದ ಹೆಂಗಸು. ಕುತ್ತಿಗೆಯಲ್ಲಿ ಪರವಾನಗಿಯ ಬಿಲ್ಲೆ. ಆ ದೇಶದಲ್ಲಿ ಪರವಾನಗಿ ಇಲ್ಲದೆ ಯಾರೂ ಪುರಾತನ ಸ್ಥಳಗಳಲ್ಲಿ ಪ್ರವಾಸಿಗರಿಗೆ ವಿವರಣೆ ಕೊಡುವ ಹಾಗಿಲ್ಲ. ಅದಕ್ಕೆಂದೇ ಓದಿ, ಪರೀಕ್ಷೆ ಪಾಸು ಮಾಡಿ ಬರಬೇಕು. ಈಕೆಗೆ ಇಸವಿಗಳು ನಾಲಿಗೆಯ ತುದಿಯಲ್ಲಿದ್ದವು. ಅದಕ್ಕಿಂತ ಹೆಚ್ಚಾಗಿ, ಯಾವುದು ಗೊತ್ತಿರುವ ಸಂಗತಿ, ಯಾವುದು ಕಟ್ಟಿದ ಕಥೆ ಎಂದು ಬೇರೆ ಬೇರೆ ಮಾಡಿ ಹೇಳುತ್ತಿದ್ದರು. ನನಗೆ ಹಿಡಿಸಿದ್ದು ಅದೇ.

ಅಥೆನ್ಸ್ ಬಿಟ್ಟು ಒಂದು ಗಂಟೆಯೊಳಗೆ ಕೊರಿಂತ್ ಕಾಲುವೆ. ಗ್ರೀಸಿನ ನಕ್ಷೆ ನೆನಪಿದೆಯೇ? ಕೆಳಗಡೆ ಪೆಲೊಪೊನೀಸ್ ಎಂಬ ದೊಡ್ಡ ಭೂಭಾಗ ಒಂದು ಸಣ್ಣ ತೊಟ್ಟಿನಿಂದ ಮೇಲಿನ ನೆಲಕ್ಕೆ ಅಂಟಿಕೊಂಡಿದೆ. ನಮ್ಮ ಸಮಾಜದ ಮೇಷ್ಟ್ರು ಕಪ್ಪುಹಲಗೆಯ ಮೇಲೆ ಅದನ್ನು ಹಿಪ್ಪುನೇರಳೆ ಎಲೆಯ ಹಾಗೆ ಬರೆಯುತ್ತಿದ್ದರು. ಆ ತೊಟ್ಟನ್ನು ಕತ್ತರಿಸಿದರೆ ಹಡಗುಗಳು ಇಡೀ ಎಲೆಯನ್ನು ಸುತ್ತಿ ಬರುವುದು ತಪ್ಪುತ್ತದೆ. ರೋಮ್ ಚಕ್ರವರ್ತಿ ನೀರೋ ಕ್ರಿ.ಶ. 67ರಲ್ಲಿ ಯೆಹೂದಿ ಕೈದಿಗಳನ್ನು ಹಚ್ಚಿ ಅಗೆಸಲು ಶುರುಮಾಡಿದ, ಮರುವರ್ಷ ಸತ್ತ, ಕೆಲಸ ನಿಂತಿತು. ಕೊನೆಗೆ ಮುಗಿದದ್ದು 1893ರಲ್ಲಿ. ಉದ್ದ ಆರೂಕಾಲು ಕಿಲೋಮೀಟರಿಗೆ ಸ್ವಲ್ಪ ಹೆಚ್ಚು, ನೀರಿನ ಮಟ್ಟದಲ್ಲಿ ಅಗಲ ಸುಮಾರು 25 ಮೀಟರ್. ಸೇತುವೆಯ ಮೇಲೆ ನಿಂತು ಬಗ್ಗಿ ನೋಡಿದರೆ ಎರಡೂ ಕಡೆ ನೆಟ್ಟಗೆ ಕಡಿದ ಬಂಡೆಗೋಡೆ, ತಳದಲ್ಲಿ ನೀಲಿ ನೀರಿನ ಗೆರೆ. ನಮ್ಮ ಮನೆಯವರು ಒಂದೇ ಸಲ ನೋಡಿ, "ರೀ, ತಲೆ ತಿರುಗುತ್ತೆ, ಬನ್ನಿ" ಎಂದು ಬಸ್ಸು ಹತ್ತಿಬಿಟ್ಟರು. ಈಗಿನ ದೊಡ್ಡ ಹಡಗುಗಳು ಅದರಲ್ಲಿ ಹಿಡಿಸುವುದಿಲ್ಲವಂತೆ.

ಅಲ್ಲಿಂದ ಮುಂದೆ ಆಲಿವ್ ತೋಪು, ಕಿತ್ತಳೆ ತೋಟ. ಅವುಗಳ ನಡುವೆ ಎರಡು ಬೋಳು ಗುಡ್ಡ, ಗುಡ್ಡಗಳ ಸಂದಿನಲ್ಲಿ ಒಂದು ದಿಬ್ಬ. ಅದೇ ಮೈಸೀನಿ. ನಾನು ನೋಡಬೇಕೆಂದು ಹೋಗಿದ್ದು ಅದನ್ನು.

ಮೈಸೀನಿ ಅಂದರೆ ಅಗಮೆಮ್ನಾನ್ ರಾಜನ ಊರು. ಹೋಮರನ ಇಲಿಯಡ್ ಕಾವ್ಯದಲ್ಲಿ ಟ್ರಾಯ್ ಪಟ್ಟಣದ ಮೇಲೆ ದಂಡೆತ್ತಿ ಹೋದ ಗ್ರೀಕರಿಗೆ ಇವನೇ ದಂಡನಾಯಕ. ಹತ್ತು ವರ್ಷ ಯುದ್ಧ ಮಾಡಿ ಗೆದ್ದು ಬಂದವನನ್ನು ಹೆಂಡತಿ ಕ್ಲೈಟೆಮ್ನೆಸ್ಟ್ರಾ ಮತ್ತು ಅವಳ ಪ್ರಿಯಕರ ಸೇರಿ ಮನೆಯಲ್ಲೇ ಕೊಂದರು. ಹೆಂಡತಿಗೂ ಕಾರಣವಿತ್ತು: ಯುದ್ಧಕ್ಕೆ ಹೊರಡುವಾಗ ಗಾಳಿ ಬೀಸಲೆಂದು ಅವನು ಹೆತ್ತ ಮಗಳನ್ನೇ ಬಲಿ ಕೊಟ್ಟಿದ್ದ. ಇದು ಪುರಾಣ. ಆ ಪುರಾಣದ ಊರು ಮಾತ್ರ ನಿಜವಾಗಿ ಇದೆ.

ಕೋಟೆಯ ಒಳಗಿನ ವಿಸ್ತೀರ್ಣ ನಮ್ಮ ಲೆಕ್ಕದಲ್ಲಿ ಸುಮಾರು ಏಳೂವರೆ ಎಕರೆ. ದೊಡ್ಡದೇನಲ್ಲ. ನಮ್ಮೂರ ಕೆರೆಯ ಅಂಗಳ ಅದಕ್ಕಿಂತ ದೊಡ್ಡದು. ಆದರೆ ಗೋಡೆ ನೋಡಿದರೆ ಎದೆ ನಡುಗುತ್ತದೆ. ಆನೆ ಗಾತ್ರದ ಬಂಡೆಗಳನ್ನು ಗಾರೆಯಿಲ್ಲದೆ ಒಂದರ ಮೇಲೊಂದು ಪೇರಿಸಿದ್ದಾರೆ. ಸಾವಿರ ವರ್ಷ ಕಳೆದ ಮೇಲೆ ಬಂದ ಗ್ರೀಕರಿಗೇ ಇದನ್ನು ಮನುಷ್ಯರು ಕಟ್ಟಿರಬಹುದು ಎಂಬ ನಂಬಿಕೆ ಬರಲಿಲ್ಲ. ಒಂಟಿ ಕಣ್ಣಿನ ಸೈಕ್ಲೋಪ್ಸ್ ಎಂಬ ರಾಕ್ಷಸರು ಕಟ್ಟಿದ್ದು ಎಂದುಬಿಟ್ಟರು. ಗೈಡಮ್ಮ ಇದನ್ನು ಹೇಳಿದಾಗ ನನಗೆ ನಗು ಬಂತು. ಗಂಗಾವತಿ ಹತ್ತಿರ ಹಿರೇಬೆಣಕಲ್ಲಿನ ಗುಡ್ಡದ ಮೇಲೆ ನೂರಾರು ಕಲ್ಲುಮನೆಗಳಿವೆ. ಆ ಕಡೆಯ ಜನ ಅವನ್ನು ಮೋರ್ಯರ ಮನೆ ಎನ್ನುತ್ತಾರೆ. ಬೇರೆ ಕಡೆ ಪಾಂಡವರ ಗುಡಿ ಎನ್ನುತ್ತಾರೆ. ಯಾರು ಕಟ್ಟಿದರೆಂದು ಮರೆತುಹೋದ ಮೇಲೆ ರಾಕ್ಷಸರೋ ಪಾಂಡವರೋ ಬಂದು ಸೇರಿಕೊಳ್ಳುತ್ತಾರೆ.

ಒಳಗೆ ಹೋಗುವುದು ಸಿಂಹದ ಬಾಗಿಲಿನಿಂದ. ಕ್ರಿ.ಪೂ. 1250ರ ಸುಮಾರಿಗೆ ಕಟ್ಟಿದ್ದು. ಎರಡು ನಿಲುವುಗಲ್ಲು, ಅವುಗಳ ಮೇಲೆ ಸುಮಾರು 20 ಟನ್ ತೂಕದ ಅಡ್ಡಗಲ್ಲು. ಅದರ ಮೇಲೆ ಮುಕ್ಕೋನದ ಚಪ್ಪಡಿ. ಒಂದು ಕಂಬದ ಎರಡೂ ಪಕ್ಕದಲ್ಲಿ ಮುಂಗಾಲು ಎತ್ತಿ ನಿಂತ ಎರಡು ಸಿಂಹ. ಸಿಂಹಗಳಿಗೆ ತಲೆಯಿಲ್ಲ. ತಲೆಗಳನ್ನು ಬೇರೆಯಾಗಿ ಮಾಡಿ ಕೂರಿಸಿದ್ದರು, ಅವು ಹೋಗಿವೆ. ಆ ಮುಕ್ಕೋನ ಬರೀ ಅಲಂಕಾರವಲ್ಲ. ಅಡ್ಡಗಲ್ಲಿನ ನಡುವಿಗೆ ಭಾರ ಬಿದ್ದರೆ ಕಲ್ಲು ಮುರಿಯುತ್ತದೆ. ಅದಕ್ಕೇ ಮೇಲಿನ ಗೋಡೆಯ ಭಾರವನ್ನು ಎರಡೂ ಬದಿಗೆ ಜಾರಿಸಿ, ನಡುವೆ ಮುಕ್ಕೋನದ ಖಾಲಿ ಬಿಟ್ಟು, ಅದನ್ನು ತೆಳುವಾದ ಚಪ್ಪಡಿಯಿಂದ ಮುಚ್ಚಿದ್ದಾರೆ. 2020ರ ಆಗಸ್ಟಿನಲ್ಲಿ ಕಾಡುಕಿಚ್ಚು ಬಂದು ಈ ಬಾಗಿಲಿನ ಸುತ್ತಲ ಹುಲ್ಲನ್ನೆಲ್ಲ ಸುಟ್ಟಿತ್ತು. ಕಲ್ಲಿಗೆ ಹೆಚ್ಚೇನೂ ಆಗಲಿಲ್ಲ.

ಬಾಗಿಲು ದಾಟಿದ ಕೂಡಲೇ ಬಲಗಡೆ ಒಂದು ದುಂಡನೆಯ ಆವರಣ. ಅಡ್ಡಳತೆ ಸುಮಾರು 28 ಮೀಟರ್. ಆರು ಗುಂಟೆಯಷ್ಟು ಜಾಗ. ಗೈಡಮ್ಮ ಇಲ್ಲಿ ನಮ್ಮನ್ನು ನಿಲ್ಲಿಸಿ ಇಬ್ಬರು ಮನುಷ್ಯರ ಕಥೆ ಹೇಳಿದರು. ನಾನು ಇವತ್ತು ಮಾತಾಡಲು ಒಪ್ಪಿದ್ದೇ ಈ ಕಥೆಗಾಗಿ.

ಒಬ್ಬನ ಹೆಸರು ಹೈನ್‌ರಿಖ್ ಶ್ಲೀಮನ್. ಜರ್ಮನಿಯಲ್ಲಿ ಬಡತನದಲ್ಲಿ ಹುಟ್ಟಿ, ವ್ಯಾಪಾರ ಮಾಡಿ ಭಾರೀ ಶ್ರೀಮಂತನಾದವನು. ಹೋಮರ್ ಹೇಳಿದ್ದು ಅಕ್ಷರಶಃ ನಿಜ ಎಂಬುದು ಅವನ ಹಟ. ಟರ್ಕಿಯ ಹಿಸಾರ್ಲಿಕ್ ದಿಬ್ಬದಲ್ಲಿ ಟ್ರಾಯ್ ಪಟ್ಟಣಕ್ಕಾಗಿ ಅಗೆದ. ಪಟ್ಟಣ ಸಿಕ್ಕಿತು. 1873ರಲ್ಲಿ ಅಲ್ಲಿ ಸಿಕ್ಕ ಚಿನ್ನವನ್ನು ಸರ್ಕಾರದ ಕಣ್ಣು ತಪ್ಪಿಸಿ ದೇಶದಿಂದ ಸಾಗಿಸಿದ, ಮೊಕದ್ದಮೆಯಾಯಿತು, ದಂಡ ತೆತ್ತ. 1874ರಲ್ಲಿ ಮೈಸೀನಿಗೆ ಬಂದು ಅನುಮತಿ ಇಲ್ಲದೆ ಗುಂಡಿ ತೋಡಿದ, ನಿಲ್ಲಿಸಿದರು. 1876ರ ಆಗಸ್ಟಿನಲ್ಲಿ ಅನುಮತಿಯೊಂದಿಗೆ ಬಂದ. ಖರ್ಚು ಅವನದು, ಬರೆದು ಪ್ರಕಟಿಸುವ ಹಕ್ಕು ಅವನದು, ಸಿಕ್ಕ ಪದಾರ್ಥ ಮಾತ್ರ ಗ್ರೀಸ್ ದೇಶದ್ದು.

ಇಂಥವನ ಮೇಲೆ ಕಣ್ಣಿಡಲು ಒಬ್ಬ ಅಧಿಕಾರಿಯನ್ನು ಕಳಿಸಿದರು. ಅವನೇ ಎರಡನೆಯವನು. ಹೆಸರು ಪನಾಯೋಟಿಸ್ ಸ್ಟಮಟಾಕಿಸ್. ಈ ಹೆಸರನ್ನು ನಾನು ಮೊದಲು ಕೇಳಿರಲಿಲ್ಲ. ನಮ್ಮ ಬಸ್ಸಿನಲ್ಲಿದ್ದವರು ಯಾರೂ ಕೇಳಿರಲಿಲ್ಲ.

ಶ್ಲೀಮನ್ ನೂರಕ್ಕೂ ಹೆಚ್ಚು ಕೂಲಿಯಾಳುಗಳನ್ನು ಹಚ್ಚಿ ಒಂದೇ ಕಾಲಕ್ಕೆ ಹಲವು ಕಡೆ ಅಗೆಸಿದ. ಸ್ಟಮಟಾಕಿಸ್ ಒಬ್ಬನೇ. ಒಂದು ಗುಂಡಿಯ ಬಳಿ ನಿಂತರೆ ಇನ್ನೊಂದರಲ್ಲಿ ಏನು ಸಿಕ್ಕಿತು, ಎಷ್ಟು ಆಳದಲ್ಲಿ ಸಿಕ್ಕಿತು ಎಂದು ತಿಳಿಯದು. ಇದಕ್ಕಿಂತ ದೊಡ್ಡ ಜಗಳ ಮೇಲಿನ ಪದರಗಳದ್ದು. ಭೂಮಿ ಅಗೆಯುವುದು ಅಂದರೆ ಪುಸ್ತಕವನ್ನು ಹಿಂದಿನಿಂದ ಓದಿದ ಹಾಗೆ. ಮೇಲೆ ರೋಮನ್ ಕಾಲದ ಮನೆ, ಅದರ ಕೆಳಗೆ ಗ್ರೀಕ್ ಕಾಲದ್ದು, ಅದರ ಕೆಳಗೆ ಅಗಮೆಮ್ನಾನನ ಕಾಲದ್ದು. ಶ್ಲೀಮನ್ನನಿಗೆ ಬೇಕಾಗಿದ್ದು ಕೆಳಗಿನ ಪುಟ ಮಾತ್ರ. ಮೇಲಿನ ಪುಟಗಳನ್ನು ಹರಿದು ಬಿಸಾಡುತ್ತಾ ಹೋದ. ಒಂದು ಪುಟ ಹರಿಯುವ ಮೊದಲು ಅಳೆಯಬೇಕು, ಬರೆದುಕೊಳ್ಳಬೇಕು, ಆಮೇಲೆ ತೆಗೆಯಬೇಕು ಎಂಬುದು ಸ್ಟಮಟಾಕಿಸನ ವಾದ. ಇಬ್ಬರಿಗೂ ದಿನಾ ಜಟಾಪಟಿ. ಹಗಲೆಲ್ಲ ಗುಂಡಿಗಳ ನಡುವೆ ಓಡಾಡಿ, ರಾತ್ರಿ ಕೂತು ಸಿಕ್ಕಿದ್ದನ್ನು ದಾಖಲು ಮಾಡಿ, ಅಥೆನ್ಸಿನ ಮೇಲಧಿಕಾರಿಗಳಿಗೆ ಪತ್ರ ಬರೆಯುತ್ತಿದ್ದ: ಈತ ಗ್ರೀಕ್, ರೋಮನ್ ಕಾಲದ ಗೋಡೆಗಳನ್ನು ಕೆಡವುತ್ತಿದ್ದಾನೆ, ನನ್ನ ಮಾತು ಕೇಳುತ್ತಿಲ್ಲ, ಅವಮಾನ ಮಾಡುತ್ತಾನೆ ಎಂದು.

ಈ ಮಾತು ಕೇಳುವಾಗ ನನ್ನ ಕಿವಿ ನೆಟ್ಟಗಾಯಿತು ನೋಡಿ. ಒಂದು ತಾಲೂಕಿನಲ್ಲಿ ಒಬ್ಬ ದೊಡ್ಡ ಕುಳ ನನಗೆ ಹೇಳಿದ್ದರು: "ಸರ್ವೆಯವರೇ, ಮೊದಲು ಜೆಸಿಬಿ ಬಿಟ್ಟು ನೆಲ ಸಮ ಮಾಡಿಬಿಡ್ತೀನಿ. ಆಮೇಲೆ ನೀವು ಆರಾಮಾಗಿ ಅಳೀರಿ." ನೆಲ ಸಮ ಆದಮೇಲೆ ಬಾಂದು ಕಲ್ಲು ಎಲ್ಲಿ, ಬದು ಎಲ್ಲಿ? ಪಕ್ಕದ ಹಿಡುವಳಿ ಒಬ್ಬ ವಿಧವೆ ಹೆಂಗಸಿನದು, ಒಂದು ಎಕರೆ ನಾಲ್ಕು ಗುಂಟೆ. ಆಗುವುದಿಲ್ಲ ಸ್ವಾಮಿ, ಮೊದಲು ಅಳತೆ, ಆಮೇಲೆ ಜೆಸಿಬಿ ಅಂದೆ. ಅಳತೆ ಆಯಿತು. ಆರು ತಿಂಗಳಲ್ಲಿ ನನಗೆ ವರ್ಗವೂ ಆಯಿತು. ಇದನ್ನು ದೊಡ್ಡಸ್ತಿಕೆಗೆ ಹೇಳುತ್ತಿಲ್ಲ. ನನ್ನಂಥ ನೂರಾರು ಜನ ಇಲಾಖೆಯಲ್ಲಿ ಇದನ್ನು ಮಾಡಿದ್ದಾರೆ. ಒಬ್ಬ ಸರ್ಕಾರಿ ನೌಕರ ಟಿಪ್ಪಣಿ ಪುಸ್ತಕ ಹಿಡಿದು ಶ್ರೀಮಂತನ ಗುಂಡಿಯ ಅಂಚಿನಲ್ಲಿ ನಿಂತಿರುವುದು ಹೇಗಿರುತ್ತದೆ ಎಂದು ನನಗೆ ಗೊತ್ತು, ಅಷ್ಟೆ.

ಶ್ಲೀಮನ್ನನ ಅದೃಷ್ಟವೋ, ಹಟವೋ, ಆ ದುಂಡು ಆವರಣದಲ್ಲಿ ಸಮಾಧಿಗಳು ಸಿಕ್ಕವು. ಎರಡನೆಯ ಶತಮಾನದ ಪಾಸೇನಿಯಸ್ ಎಂಬ ಗ್ರೀಕ್ ಯಾತ್ರಿಕ, ಅಗಮೆಮ್ನಾನ್ ಮತ್ತು ಅವನ ಜೊತೆ ಕೊಲೆಯಾದವರ ಗೋರಿಗಳು ಗೋಡೆಯ ಒಳಗಿವೆ, ಕೊಂದವರದು ಹೊರಗಿವೆ ಎಂದು ಬರೆದಿದ್ದ. ವಿದ್ವಾಂಸರೆಲ್ಲ ಅದನ್ನು ಊರಿನ ಹೊರಗೋಡೆ ಎಂದು ತಿಳಿದಿದ್ದರು. ಶ್ಲೀಮನ್ ಕೋಟೆಯ ಗೋಡೆಯೇ ಎಂದು ನಂಬಿದ. ಮೊದಲು ಸಿಕ್ಕಿದ್ದು ರಥದಲ್ಲಿ ನಿಂತ ವೀರರನ್ನು ಕೆತ್ತಿದ ಕಲ್ಲುಗಳು. ನಮ್ಮ ವೀರಗಲ್ಲು ನೋಡಿದವರಿಗೆ ಅವು ಹೊಸದೆನಿಸುವುದಿಲ್ಲ. ಅವುಗಳ ಕೆಳಗೆ ಆಳವಾದ ಗುಂಡಿಗಳಲ್ಲಿ ಹೆಣಗಳು, ಚಿನ್ನದ ಮುಖವಾಡ, ಚಿನ್ನದ ಬಟ್ಟಲು, ಚಿನ್ನದ ಕೆಲಸ ಮಾಡಿದ ಕಠಾರಿ. ಶ್ಲೀಮನ್ ಐದು ಗುಂಡಿ ತೆರೆದು, ಇನ್ನೇನೂ ಇಲ್ಲ ಎಂದು ಡಿಸೆಂಬರಿನಲ್ಲಿ ಹೊರಟುಹೋದ. ಮರುವರ್ಷ ಸ್ಟಮಟಾಕಿಸ್ ಅಲ್ಲೇ ಆರನೆಯದನ್ನು ಕಂಡುಹಿಡಿದ. ಆರರಲ್ಲೂ ಸೇರಿ 19 ಜನ: ಗಂಡಸರು, ಹೆಂಗಸರು, ಎರಡು ಎಳೆಯ ಮಕ್ಕಳು. ಸುಮಾರು 14 ಕಿಲೋ ಚಿನ್ನ.

ಅಗಮೆಮ್ನಾನನ ಮುಖವನ್ನೇ ಕಣ್ಣಾರೆ ಕಂಡೆ ಎಂದು ಶ್ಲೀಮನ್ ತಂತಿ ಕಳಿಸಿದ ಎಂಬ ಕಥೆ ಪ್ರಪಂಚವೆಲ್ಲ ಹಬ್ಬಿದೆ. ಆ ಮಾತಿನ ತಂತಿ ಅವನು ಕಳಿಸಲೇ ಇಲ್ಲ, ಆಮೇಲೆ ಹುಟ್ಟಿಕೊಂಡ ಮಾತು ಎಂದು ಗೈಡಮ್ಮ ಹೇಳಿದರು. ಆ ಮುಖವಾಡವೂ ಅಗಮೆಮ್ನಾನನದಲ್ಲ. ಟ್ರಾಯ್ ಯುದ್ಧ ನಡೆದಿದ್ದೇ ಆದರೆ, ಅದಕ್ಕಿಂತ ಸುಮಾರು 300 ವರ್ಷ ಹಿಂದಿನ ಯಾರೋ ರಾಜನದು. ಆ ಗೋರಿಗಳನ್ನು ತೋಡಿದಾಗ ಈ ದೊಡ್ಡ ಗೋಡೆಯೇ ಇರಲಿಲ್ಲ. ಆಮೇಲೆ ಬಂದವರು ಕೋಟೆ ಹಿಗ್ಗಿಸುವಾಗ, ಇದು ನಮ್ಮ ಹಿರಿಯರ ಜಾಗ ಎಂದು ಗೋಡೆಯನ್ನು ಬಳಸಿ ಕಟ್ಟಿ ಅದನ್ನು ಒಳಕ್ಕೆ ತೆಗೆದುಕೊಂಡರು.

1878ರಲ್ಲಿ ಶ್ಲೀಮನ್ನನ ಪುಸ್ತಕ ಬಂತು, ಜಗತ್ತೇ ಕೊಂಡಾಡಿತು. ಸ್ಟಮಟಾಕಿಸ್ ಇಲಾಖೆಯ ಅತಿ ಮೇಲಿನ ಹುದ್ದೆಗೆ ಏರಿದ ಸ್ವಲ್ಪ ಕಾಲದಲ್ಲೇ, 1885ರಲ್ಲಿ, ಮಲೇರಿಯಾದಿಂದ ತೀರಿಕೊಂಡ. ಅವನ ದಾಖಲೆಗಳು ಅಚ್ಚಾಗದೆ ಉಳಿದವು. ಇತ್ತೀಚಿನ ದಶಕಗಳಲ್ಲಿ ಸಂಶೋಧಕರು ಅವನ್ನು ತೆಗೆದು ಓದುತ್ತಿದ್ದಾರೆ. ಯಾವ ವಸ್ತು ಎಲ್ಲಿತ್ತು, ಯಾವ ಹೆಣದ ಪಕ್ಕದಲ್ಲಿತ್ತು ಎಂದು ತಿಳಿಯಬೇಕಾದರೆ ಈಗ ಅವನ ಟಿಪ್ಪಣಿಗೇ ಹೋಗಬೇಕು.

ಅಲ್ಲಿಂದ ಗುಡ್ಡದ ನೆತ್ತಿಗೆ ಹತ್ತಿದೆವು. ಅರಮನೆಯ ಅಡಿಪಾಯ ಮಾತ್ರ ಇದೆ. ಸುತ್ತ ಆರ್ಗೋಸ್ ಬಯಲು ಸಮುದ್ರದವರೆಗೂ ಕಾಣುತ್ತದೆ. ಹಿಂಬದಿಯಲ್ಲಿ ನೆಲದೊಳಕ್ಕೆ ಇಳಿಯುವ ಕಲ್ಲಿನ ಮೆಟ್ಟಿಲು, ಕೆಳಗೆ ನೀರಿನ ತೊಟ್ಟಿ. ಹೊರಗಿನ ಒರತೆಯಿಂದ ಗುಟ್ಟಾಗಿ ನೀರು ತಂದಿದ್ದರು. ಮುತ್ತಿಗೆ ಬಿದ್ದಾಗ ಕೋಟೆಯ ಒಳಗಿನವರು ಬಾಯಾರಿ ಸಾಯಬಾರದಲ್ಲ. ಚಿತ್ರದುರ್ಗದ ಹೊಂಡ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಷ್ಟೆಲ್ಲ ಇದ್ದೂ ಕ್ರಿ.ಪೂ. 1200ರ ಆಸುಪಾಸಿನಲ್ಲಿ ಈ ಅರಮನೆಗಳೆಲ್ಲ ಸುಟ್ಟುಹೋದವು.

ಆ ಬೆಂಕಿಯಿಂದ ಒಂದು ಉಪಕಾರವೂ ಆಯಿತು. ಇಲ್ಲಿನ ಗುಮಾಸ್ತರು ಹಸಿಮಣ್ಣಿನ ಬಿಲ್ಲೆಗಳ ಮೇಲೆ ಲೆಕ್ಕ ಬರೆಯುತ್ತಿದ್ದರು. ಸುಡದ ಮಣ್ಣು, ನೀರು ಬಿದ್ದರೆ ಕರಗಬೇಕು. ಕಟ್ಟಡಕ್ಕೆ ಬೆಂಕಿ ಬಿದ್ದಾಗ ಬಿಲ್ಲೆಗಳು ಇಟ್ಟಿಗೆಯಂತೆ ಸುಟ್ಟು ಗಟ್ಟಿಯಾಗಿ ಉಳಿದವು. ಆ ಲಿಪಿಯನ್ನು ಯಾರಿಗೂ ಓದಲು ಬರುತ್ತಿರಲಿಲ್ಲ. 1952ರಲ್ಲಿ ಮೈಕೆಲ್ ವೆಂಟ್ರಿಸ್ ಎಂಬ ಇಂಗ್ಲೆಂಡಿನ ತರುಣ ಓದಿದ. ಅವನು ಪ್ರೊಫೆಸರ್ ಅಲ್ಲ, ಕಟ್ಟಡದ ನಕ್ಷೆ ಬರೆಯುವ ವಾಸ್ತುಶಿಲ್ಪಿ. ಓದಿದಾಗ ಅದು ಗ್ರೀಕ್ ಭಾಷೆಯೇ ಎಂದು ತಿಳಿಯಿತು. ಏನಿದೆ ಅದರಲ್ಲಿ? ಯುದ್ಧವಿಲ್ಲ, ಕಾವ್ಯವಿಲ್ಲ. ಎಷ್ಟು ಉಣ್ಣೆ, ಎಷ್ಟು ಎಣ್ಣೆ, ಯಾರಿಗೆ ಎಷ್ಟು ಕೊಟ್ಟಿದೆ. ಪಕ್ಕಾ ನಮ್ಮ ತಾಲೂಕು ಕಚೇರಿ!

ಕೋಟೆಯಿಂದ ಸ್ವಲ್ಪ ದೂರದಲ್ಲಿ ಒಂದು ಗೋರಿಮನೆ ಇದೆ. ಅದನ್ನು ಆಟ್ರಿಯಸ್ಸನ ಖಜಾನೆ ಎಂದು ಕರೆಯುತ್ತಾರೆ, ಖಜಾನೆಯಂತೂ ಅಲ್ಲ. ಗುಡ್ಡವನ್ನು ಸೀಳಿದ 36 ಮೀಟರ್ ಉದ್ದದ ಓಣಿ, ಅದರ ತುದಿಯಲ್ಲಿ ಎತ್ತರದ ಬಾಗಿಲು, ಒಳಗೆ ಜೇನುಗೂಡಿನ ಆಕಾರದ ಒಂದೇ ಕೋಣೆ. ನೆಲದ ಅಡ್ಡಳತೆ ಹದಿನಾಲ್ಕೂವರೆ ಮೀಟರ್, ಎತ್ತರ ಹದಿಮೂರು ಮೀಟರಿಗೂ ಹೆಚ್ಚು. ಒಂದೂವರೆ ಗುಂಟೆ ನೆಲದ ಮೇಲೆ ಒಂದೂ ಕಂಬವಿಲ್ಲದ ಗುಮ್ಮಟ! ಪ್ರತಿ ಸುತ್ತಿನ ಕಲ್ಲನ್ನು ಕೆಳಗಿನ ಸುತ್ತಿಗಿಂತ ಸ್ವಲ್ಪ ಒಳಕ್ಕೆ ಚಾಚಿ ಚಾಚಿ, 33 ಸುತ್ತುಗಳಲ್ಲಿ ನೆತ್ತಿ ಮುಚ್ಚಿದ್ದಾರೆ. ನಮ್ಮ ಹೊಯ್ಸಳರ ಗುಡಿಗಳ ಭುವನೇಶ್ವರಿಯ ಕಲ್ಲುಗಳೂ ಇದೇ ರೀತಿ ಒಳಚಾಚಿ ಕೂತಿವೆ. ಇಬ್ಬರಿಗೂ ಸಂಬಂಧವೇನೂ ಇಲ್ಲ. ಕಲ್ಲಿನ ಗುಣ ತಿಳಿದವರಿಗೆಲ್ಲ ಹೊಳೆದ ಉಪಾಯ ಇರಬೇಕು. ಬಾಗಿಲ ಮೇಲಿನ ಒಳಗಿನ ಅಡ್ಡಗಲ್ಲು ಒಂದೇ 120 ಟನ್ ತೂಗುತ್ತದೆ ಎಂದು ಅಂದಾಜು. ಹತ್ತು ಟನ್ನಿನ ಲಾರಿಗಳಾದರೆ ಹನ್ನೆರಡು ಬೇಕು. ಕ್ರೇನು ಇಲ್ಲದ ಕಾಲದಲ್ಲಿ ಅದನ್ನು ಹೇಗೆ ಏರಿಸಿ ಕೂರಿಸಿದರೋ! ಮಣ್ಣಿನ ಇಳಿಜಾರು ಕಟ್ಟಿ ಎಳೆದಿರಬೇಕು ಎನ್ನುತ್ತಾರೆ. ಸಾವಿರಕ್ಕೂ ಹೆಚ್ಚು ವರ್ಷ, ರೋಮನ್ನರು ಬರುವವರೆಗೆ, ಇಷ್ಟು ಅಗಲದ ಗುಮ್ಮಟ ಪ್ರಪಂಚದಲ್ಲಿ ಬೇರೆ ಇರಲಿಲ್ಲ. ಈ ಓಣಿಯ ಮಣ್ಣನ್ನು ತೆಗೆಸಿ ಶುದ್ಧ ಮಾಡಿಸಿದವನೂ ಸ್ಟಮಟಾಕಿಸನೇ. ಬಾಗಿಲಿನ ಎರಡೂ ಬದಿಯಲ್ಲಿದ್ದ ಹಸಿರು ಕಲ್ಲಿನ ಕಂಬಗಳು ಈಗ ಅಲ್ಲಿಲ್ಲ. 1810ರ ಸುಮಾರಿಗೆ ಐರ್ಲೆಂಡಿನ ಒಬ್ಬ ಪ್ರಭು ಹಡಗಿನಲ್ಲಿ ಹೇರಿಕೊಂಡು ಹೋದ. ಈಗ ಅವು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿವೆ.

ಊಟದ ವಿಷಯ ಹೇಳದಿದ್ದರೆ ನಮ್ಮ ಮನೆಯವರು ಬೇಸರ ಮಾಡಿಕೊಳ್ಳುತ್ತಾರೆ. ನಾವು ಶಾಕಾಹಾರಿಗಳು, ಏನು ಗತಿಯೋ ಎಂದು ಚಿತ್ರಾನ್ನದ ಗೊಜ್ಜು, ಚಟ್ನಿಪುಡಿ ಕಟ್ಟಿಕೊಂಡಿದ್ದೆವು. ಅದರ ಅಗತ್ಯವೇ ಬೀಳಲಿಲ್ಲ. ಟೊಮೆಟೊ ಮತ್ತು ದಪ್ಪ ಮೆಣಸಿನಕಾಯಿಯ ಒಡಲಿಗೆ ಅನ್ನ, ಸೊಪ್ಪು ತುಂಬಿ ಬೇಯಿಸಿದ ಪಲ್ಯ, ಕಾಳು ಬೇಯಿಸಿ ನುಣ್ಣಗೆ ಅರೆದಿದ್ದು, ಕೊನೆಗೆ ಗಟ್ಟಿ ಮೊಸರಿನ ಮೇಲೆ ಜೇನುತುಪ್ಪ. "ಎಣ್ಣೆಗಾಯಿ ಥರಾನೇ ಇದೆ, ಖಾರ ಒಂದಿಲ್ಲ" ಅಂದರು. ಚಟ್ನಿಪುಡಿ ಎರಚಿಕೊಂಡಾಗ ಪಕ್ಕದ ಮೇಜಿನವರೂ ಕೇಳಿ ಹಾಕಿಸಿಕೊಂಡು ಕಣ್ಣೀರು ಸುರಿಸಿದರು.

ನಾಫ್ಲಿಯೋ ಎಂಬ ಸಮುದ್ರದಂಡೆಯ ಊರಿನಲ್ಲಿ ಅರ್ಧ ಗಂಟೆ ಬಿಟ್ಟಿದ್ದರು. ಸ್ವತಂತ್ರ ಗ್ರೀಸಿನ ಮೊದಮೊದಲ ರಾಜಧಾನಿ ಅದು. 1834ರಲ್ಲಿ ಅಥೆನ್ಸಿಗೆ ಹೋಯಿತು. ಮೊದಲ ಆಡಳಿತಗಾರ ಕಪೋಡಿಸ್ಟ್ರಿಯಾಸ್ 1831ರಲ್ಲಿ ಕೊಲೆಯಾದ ಚರ್ಚು ಅಲ್ಲಿದೆ. ನಾವು ಐಸ್‌ಕ್ರೀಮ್ ತಿಂದು ಬಂದೆವು.

ಸಂಜೆಯ ಹೊತ್ತಿಗೆ ಎಪಿಡಾರಸ್. ಇದು ಅಸ್ಕ್ಲೀಪಿಯಸ್ ಎಂಬ ವೈದ್ಯದೇವತೆಯ ಕ್ಷೇತ್ರ. ರೋಗಿಗಳು ದೂರದೂರದಿಂದ ಬಂದು, ಮಿಂದು, ಹರಕೆ ಸಲ್ಲಿಸಿ, ಒಂದು ಉದ್ದನೆಯ ಚಾವಡಿಯಲ್ಲಿ ರಾತ್ರಿ ಮಲಗುತ್ತಿದ್ದರು. ಕನಸಿನಲ್ಲಿ ದೇವರು ಬಂದು ಮದ್ದು ಹೇಳುತ್ತಾನೆ, ಇಲ್ಲವೇ ಅವನ ಹಾವು ಬಂದು ಗಾಯ ನೆಕ್ಕುತ್ತದೆ ಎಂಬ ನಂಬಿಕೆ. ವಾಸಿಯಾದವರ ಕಥೆಗಳನ್ನು ಕಲ್ಲಿನ ಮೇಲೆ ಕೆತ್ತಿಸಿ ನಿಲ್ಲಿಸುತ್ತಿದ್ದರು. ಗುಡಿ ಕಟ್ಟಿದ ಖರ್ಚುವೆಚ್ಚವನ್ನೂ ಕಲ್ಲಿನ ಮೇಲೆಯೇ ಬರೆಸಿದ್ದಾರೆ. ಅದನ್ನು ಕಟ್ಟಿದ ಸ್ಥಪತಿ ಥಿಯೋಡೋಟಸ್ಸನಿಗೆ ದಿನಕ್ಕೆ ಒಂದು ದ್ರಾಕ್ಮ ಸಂಬಳ. ಕಾಮಗಾರಿಯ ಬಿಲ್ಲನ್ನು ಊರ ನಡುವೆ ಕಲ್ಲಿನಲ್ಲಿ ಕೆತ್ತಿಸಿ ನಿಲ್ಲಿಸುವ ಪದ್ಧತಿ ನಮ್ಮ ಪಂಚಾಯಿತಿಗೂ ಬರಲಿ ಅಂದರೆ ಅಧ್ಯಕ್ಷರು ಕೋಪಿಸಿಕೊಳ್ಳಬಾರದು.

ಈ ಕ್ಷೇತ್ರದ ಗುಡ್ಡದ ಮಗ್ಗುಲಲ್ಲಿ ಒಂದು ನಾಟಕಶಾಲೆ ಇದೆ. ಕ್ರಿ.ಪೂ. ನಾಲ್ಕನೆಯ ಶತಮಾನದ್ದು. ಮಣ್ಣಿನಡಿ ಹೂತುಹೋಗಿದ್ದನ್ನು 1881ರಿಂದ ಪನಾಗಿಸ್ ಕವಾಡಿಯಾಸ್ ಅಗೆದು ತೆಗೆದರು. ನಡುವಿನ ದುಂಡು ಅಂಗಳ 20 ಮೀಟರ್ ಅಡ್ಡ, ಮೂರು ಗುಂಟೆ ಅನ್ನಿ. ಸುತ್ತ ಬೀಸಣಿಗೆಯ ಹಾಗೆ ಕಲ್ಲಿನ ಆಸನಗಳು: ಕೆಳಗೆ 34 ಸಾಲು, ಮೇಲೆ 21, ಒಟ್ಟು 55. ಹನ್ನೆರಡು ಹದಿನಾಲ್ಕು ಸಾವಿರ ಜನ ಕೂರಬಹುದು. ಅಂಗಳದಲ್ಲಿ ನಾಣ್ಯ ಬೀಳಿಸಿದರೆ ಕೊನೆಯ ಸಾಲಿಗೂ ಕೇಳುತ್ತದೆ ಎಂದು ಎಲ್ಲ ಪ್ರವಾಸಿ ಪುಸ್ತಕಗಳಲ್ಲೂ ಇದೆ. ನಾನು ಸಾಲು ಎಣಿಸುತ್ತಾ ಮೇಲಕ್ಕೆ ಹತ್ತಿದೆ. ನಮ್ಮ ಮನೆಯವರು ಮಂಡಿನೋವಿನವರು, ಕೆಳಗೇ ನಿಂತರು. ಗೈಡಮ್ಮ ನಾಣ್ಯ ಬೀಳಿಸಿದರು. ಏನೋ ಸಣ್ಣ ಸದ್ದು ಬಂತು, ನಾಣ್ಯವೆಂದು ಮೊದಲೇ ಹೇಳದಿದ್ದರೆ ತಿಳಿಯುತ್ತಿರಲಿಲ್ಲ. ಆಮೇಲೆ ನಮ್ಮ ಮನೆಯವರು ನಡುಗಲ್ಲಿನ ಮೇಲೆ ನಿಂತು, "ರೀ, ನೀರಿನ ಬಾಟಲಿ ನಿಮ್ಮ ಹತ್ರಾನೇ ಇದೆ!" ಅಂದಿದ್ದು ಮಾತ್ರ ಒಂದಕ್ಷರ ಬಿಡದೆ ಕೇಳಿತು. 2017ರಲ್ಲಿ ನೆದರ್‌ಲ್ಯಾಂಡ್ಸಿನ ವಿಜ್ಞಾನಿಗಳು ಯಂತ್ರ ಇಟ್ಟು ಅಳೆದು ಇದನ್ನೇ ಹೇಳಿದ್ದಾರೆ. ಪಿಸುಮಾತು ಮುಂದಿನವರಿಗೆ ಮಾತ್ರ ತಿಳಿಯುತ್ತದೆ. ನಟ ಗಂಟಲು ತೆರೆದು ಆಡಿದ ಮಾತು ಹಿಂದಿನ ಸಾಲಿಗೂ ಮುಟ್ಟುತ್ತದೆ. ಅಷ್ಟಾದರೂ ಮೈಕಿಲ್ಲದೆ ಅದೇನು ಕಡಿಮೆಯೇ?

ಕನ್ನಡದವರಿಗೆ ಈ ಜಾಗ ಪೂರ್ತಿ ಪರಕೀಯವೂ ಅಲ್ಲ. ಬಿ.ಎಂ.ಶ್ರೀ. ಅವರು ಸೊಫೋಕ್ಲೀಸನ 'ಏಜಾಕ್ಸ್' ನಾಟಕವನ್ನು ಮಹಾಭಾರತಕ್ಕೆ ಹೊಂದಿಸಿ 'ಅಶ್ವತ್ಥಾಮನ್' ಬರೆದರು, ಈಸ್ಕಿಲಸನ ನಾಟಕವನ್ನು 'ಪಾರಸಿಕರು' ಎಂದು ಕನ್ನಡಕ್ಕೆ ತಂದರು. ಅದೇ 'ಪಾರಸಿಕರು' ನಾಟಕವನ್ನು 2020ರ ಜುಲೈನಲ್ಲಿ, ಕೊರೊನಾ ಕಾಲದಲ್ಲಿ, ಇದೇ ಅಂಗಳದಲ್ಲಿ ಆಡಿ ಅಂತರ್ಜಾಲದಲ್ಲಿ ಪ್ರಪಂಚಕ್ಕೆಲ್ಲ ತೋರಿಸಿದರು. ಇನ್ನೊಂದು ನಂಟೂ ಇದೆ. ಈಜಿಪ್ಟಿನ ಆಕ್ಸಿರಿಂಕಸ್ ಎಂಬಲ್ಲಿ ಸಿಕ್ಕ ಎರಡನೆಯ ಶತಮಾನದ ಹಾಳೆಯೊಂದರಲ್ಲಿ ಗ್ರೀಕ್ ಪ್ರಹಸನವಿದೆ. ಭಾರತದ ಕರಾವಳಿಯಲ್ಲಿ ಸೆರೆಸಿಕ್ಕ ಗ್ರೀಕ್ ಹುಡುಗಿಯನ್ನು, ರಾಜನಿಗೆ ಹೆಂಡ ಕುಡಿಸಿ ಬಿಡಿಸಿಕೊಂಡು ಹೋಗುವ ಕಥೆ. ಅದರಲ್ಲಿ ಆ ರಾಜನ ಕಡೆಯವರು ಆಡುವ ಅರ್ಥವಾಗದ ಮಾತುಗಳು ಕನ್ನಡವೇ ಎಂದು ಹುಲ್ಟ್ಸ್ ಎಂಬ ಜರ್ಮನ್ ವಿದ್ವಾಂಸರು ಹೇಳಿದರು, ಗೋವಿಂದ ಪೈಗಳೂ ಅದರ ಬಗ್ಗೆ ಬರೆದರು. ಅಲ್ಲ ಎನ್ನುವವರೂ ಇದ್ದಾರೆ. ಗೈಡಮ್ಮನಿಗೆ ನಾನು ಇದನ್ನು ಹೇಳಿದೆ. ಆಕೆ ತಮ್ಮ ಪುಸ್ತಕ ತೆಗೆದು ಬರೆದುಕೊಂಡರು, ಹೆಸರಿನ ಅಕ್ಷರಗಳನ್ನು ಎರಡು ಸಲ ಕೇಳಿ ಸರಿಮಾಡಿಕೊಂಡರು.

ಮಾರನೆಯ ದಿನ ಅಥೆನ್ಸಿನ ವಸ್ತುಸಂಗ್ರಹಾಲಯದಲ್ಲಿ ಆ ಚಿನ್ನವನ್ನು ನೋಡಿದೆವು. ಮುಖವಾಡದ ಮುಂದೆ ಜಾತ್ರೆ. ನಮ್ಮ ಮನೆಯವರು ಅದನ್ನು ಬಿಟ್ಟು ಬೇರೊಂದು ಪೆಟ್ಟಿಗೆಯ ಮುಂದೆ ನಿಂತುಬಿಟ್ಟರು. ಎಳೆಗೂಸಿನ ಮೈಗೆ ಸುತ್ತಿದ್ದ ತೆಳು ಚಿನ್ನದ ತಗಡು. ಕೈಬೆರಳುಗಳ, ಪುಟ್ಟ ಪಾದಗಳ ಆಕಾರ ಹಾಗೇ ಇದೆ. ಮೂರು ಸಾವಿರದ ಐನೂರು ವರ್ಷ. ಅವರು ಬಹಳ ಹೊತ್ತು ಅಲ್ಲಿಂದ ಕದಲಲಿಲ್ಲ. ನಾನೂ ಕರೆಯಲಿಲ್ಲ.

ಇನ್ನೊಂದು ವಿಷಯ ಇದೆ, ಹೇಳಿ ಮುಗಿಸುತ್ತೇನೆ. ನಿನ್ನೆ ಸಭೆಯಲ್ಲಿ ಹಳೆಯ ಹೆಂಚಿನ ಕಟ್ಟಡವನ್ನು ಮೇ ತಿಂಗಳಲ್ಲಿ ಕೆಡವಿ ಹೊಸ ಕೊಠಡಿಗಳನ್ನು ಕಟ್ಟುವುದೆಂದು ತೀರ್ಮಾನವಾಯಿತು. ಕೆಲವರು ಕೆಡವಬೇಡಿ ಎಂದು ಜಗಳಕ್ಕೆ ನಿಂತರು. ನಾನು ಆ ಪಕ್ಷದವನಲ್ಲ. ತೊಲೆಗಳಿಗೆ ಗೆದ್ದಲು ಹತ್ತಿದೆ, ಮಕ್ಕಳ ತಲೆಯ ಮೇಲೆ ಹೆಂಚು ಬೀಳುವ ಮೊದಲು ಅದು ಹೋಗಲೇಬೇಕು. ಆದರೆ 1974ರಲ್ಲಿ ಊರಿನವರು ಶ್ರಮದಾನ ಮಾಡಿ, ಮನೆಗಿಷ್ಟು ಗಾಡಿ ಕಲ್ಲು ಹೊತ್ತು ತಂದು ಕಟ್ಟಿದ ಗೋಡೆ ಅದು. ಯಾವ ಬೀದಿಯವರು ಯಾವ ಗೋಡೆಗೆ ಕಲ್ಲು ಕೊಟ್ಟರೆಂದು ಹೇಳಬಲ್ಲ ಹಿರಿಯರು ಈಗ ನಾಲ್ಕೈದು ಜನ ಉಳಿದಿದ್ದಾರೆ, ಇಬ್ಬರು ಇಲ್ಲೇ ಮುಂದಿನ ಸಾಲಿನಲ್ಲಿದ್ದಾರೆ. ದಕ್ಷಿಣದ ಕೊಠಡಿಯ ಕಿಟಕಿ ಪಕ್ಕದ ಗೋಡೆಯಲ್ಲಿ ಬ್ಯಾಚಿನ ಹುಡುಗರು ಕೊರೆದ ಹೆಸರುಗಳಿವೆ. ಅಟ್ಟದ ಮೇಲೆ ಹಳೆಯ ದಾಖಲಾತಿ ರಿಜಿಸ್ಟರುಗಳು ಗೋಣಿಚೀಲದಲ್ಲಿವೆ, ಅದಕ್ಕೂ ಗೆದ್ದಲು ಹತ್ತದೇ ಇರದು.

ಆದ್ದರಿಂದ ಮುಖ್ಯೋಪಾಧ್ಯಾಯರ ಅನುಮತಿ ಕೇಳಿದ್ದೇನೆ, ಅವರು ಆಗಲಿ ಎಂದಿದ್ದಾರೆ. ಬರುವ ಭಾನುವಾರ ಬೆಳಿಗ್ಗೆ ಏಳಕ್ಕೆ ಆ ಕಟ್ಟಡವನ್ನು ಒಂದು ತುದಿಯಿಂದ ಅಳೆಯಲು ಶುರುಮಾಡುತ್ತೇವೆ. ಎರಡು ಭಾನುವಾರದ ಕೆಲಸ. ಒಂಬತ್ತನೇ ತರಗತಿಯ ಮಕ್ಕಳು ಟೇಪು ಹಿಡಿಯಲಿ, ಅಳತೆ ಪುಸ್ತಕ ಬರೆಯುವುದನ್ನು ನಾನು ಕಲಿಸುತ್ತೇನೆ. ಪ್ರತಿ ಗೋಡೆಗೂ ಒಂದು ಸಂಖ್ಯೆ, ಪ್ರತಿ ಗೋಡೆಯದೂ ಒಂದು ಫೋಟೋ. ಫೋನಿನಲ್ಲಿ ತೆಗೆದರೂ ಸಾಕು, ಆದರೆ ಫೋಟೋದ ಜೊತೆ ಸಂಖ್ಯೆ ಬರೆದಿರಬೇಕು. ಹಿರಿಯರಿಗೆ ನೆರಳಿನಲ್ಲಿ ಕುರ್ಚಿ ಹಾಕಿಸುತ್ತೇವೆ. ಅವರು ಹೇಳಿದ್ದನ್ನು ಹೇಳಿದ ಹಾಗೇ ಬರೆದುಕೊಳ್ಳಲು ಚೆನ್ನಾಗಿ ಅಕ್ಷರ ಬರೆಯುವ ಇಬ್ಬರು ಬೇಕು. ರಿಜಿಸ್ಟರುಗಳನ್ನು ಕೆಳಗಿಳಿಸಿ ಬಿಸಿಲಿಗೆ ಹಾಕಬೇಕು. ನನ್ನ ಹತ್ತಿರ ಮೂವತ್ತು ಮೀಟರಿನ ಟೇಪು ಇದೆ. ಏಣಿ ಇಲ್ಲ. ಯಾರ ಮನೆಯಲ್ಲಾದರೂ ಹದಿನೈದು ಅಡಿಯ ಏಣಿ ಇದ್ದರೆ ಶನಿವಾರ ಸಂಜೆಯೊಳಗೆ ಶಾಲೆಗೆ ತಂದಿಡಿ.